ಕೆರೆ ದಂಡೆಯಲ್ಲಿ ದುರ್ಬೀನು ಕೊಟ್ಟವರಿಗೆ

ಮೈಸೂರಿನ ಕುಕ್ಕರಹಳ್ಳಿ ಕೆರೆ ದಂಡೆಯಲ್ಲಿ ಬೆಳಗ್ಗೆ ದುರ್ಬೀನು ಹಿಡಿದು ನಿಲ್ಲುತ್ತಿದ್ದ ಹಿರಿಯರೇ, ನಿಮ್ಮ ಹೆಸರು ನನಗೆ ಗೊತ್ತಿಲ್ಲ. ಕೇಳುವಷ್ಟು ತ್ರಾಣವೂ ಆಗ ಇರಲಿಲ್ಲ.

ಅಮ್ಮ ಹೋಗಿ ಏಳು ತಿಂಗಳಾಗಿತ್ತು. ಅಳು ಕೂಡ ನಿಂತುಹೋಗಿತ್ತು. ಕಾಫಿ ಬಿಸಿ ಅನ್ನೋದು ಗೊತ್ತಾಗುತ್ತಿತ್ತು, ರುಚಿ ಗೊತ್ತಾಗುತ್ತಿರಲಿಲ್ಲ. ಡಾಕ್ಟರು ವಾಕಿಂಗ್ ಮಾಡಿ ಅಂದಿದ್ದಕ್ಕೆ ಸುಮ್ನೆ ಬರುತ್ತಿದ್ದೆ. ಚಪ್ಪಲಿ ನೋಡಿಕೊಂಡು ನಡೆಯುತ್ತಿದ್ದೆ.

ಒಂದು ದಿನ ನೀವು ಏನೂ ಕೇಳದೆ ದುರ್ಬೀನನ್ನು ನನ್ನ ಕೈಗಿಟ್ಟಿರಿ. "ಅಲ್ಲಿ ನೋಡಮ್ಮ, ಹೆಜ್ಜಾರ್ಲೆ." ಮೊದಲು ಬರೀ ಮಸುಕು. ನೀವೇ ತಿರುಗಿಸಿ ಸರಿಮಾಡಿದಿರಿ. ಕೊಕ್ಕಿನ ಕೆಳಗಿನ ಚೀಲದಲ್ಲಿ ಮೀನು ಒದ್ದಾಡುತ್ತಿತ್ತು. ಹಕ್ಕಿ ಕತ್ತೆತ್ತಿ ಗುಳುಂ ಅಂತ ನುಂಗಿತು. ನನಗೆ ನಗು ಬಂತು. ನನ್ನ ನಗು ಕೇಳಿ ನಾನೇ ಬೆಚ್ಚಿದೆ.

ಅಷ್ಟಕ್ಕೇ ಎಲ್ಲ ಸರಿಹೋಯಿತು ಅಂದರೆ ಸುಳ್ಳಾಗುತ್ತದೆ. ಮಾತ್ರೆ ತಗೊಂಡೆ. ನಿದ್ದೆ ಬಾರದ ಒಂದು ರಾತ್ರಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಿದೆ. ದುಡ್ಡಿನ ಮಾತೇ ಇಲ್ಲ ಅಲ್ಲಿ. ಆದರೆ ನಾಳೆ ಏಳಬೇಕು ಅಂತ ಮೊದಲ ಸಲ ಅನ್ನಿಸಿದ್ದು ಮಾತ್ರ ಆ ಹಕ್ಕಿ ಕಂಡ ಮೇಲೆ.

ಈಚೆಗೆ ನೀವು ಕೆರೆ ಕಡೆ ಕಾಣುತ್ತಿಲ್ಲ. ನಾನೂ ಒಂದು ದುರ್ಬೀನು ಕೊಂಡಿದ್ದೇನೆ. ಕಾಫಿಗೆ ಸಕ್ಕರೆ ಜಾಸ್ತಿ ಆಯಿತು ಅಂತ ತಂಗಿ ಜೊತೆ ಮತ್ತೆ ಜಗಳ ಶುರುವಾಗಿದೆ. ತುಂಬಾ ಥ್ಯಾಂಕ್ಸ್ ಸರ್.