ಅಲಂಕಾರಕ್ಕೆ ಮುಂಚೆ ಛಾವಣಿ ನೋಡಿ

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಕಾರವಾನ್ ಪ್ರವಾಸದ ಕುರಿತು ಪ್ರಕಟವಾದ ಲೇಖನವನ್ನು ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ಕುಳಿತು ಅಂತರ್ಜಾಲದಲ್ಲಿ ಓದಿದೆ. ಹಳೆಯ ಟ್ರೇಲರ್ ಒಂದನ್ನು ಕೊಂಡು, ಒಳಗೆಲ್ಲ ಬಿಳಿ ಬಣ್ಣ ಬಳಿದು, ಗೋಡೆಗೆ ಹೂವಿನ ಕಾಗದ ಅಂಟಿಸಿ, ಸಾಲುದೀಪ ಕಟ್ಟಿದ ಚಿತ್ರಗಳು ಕಣ್ಣಿಗೆ ಹಬ್ಬವಾಗಿದ್ದವು. ಆದರೆ ಆರು ವರ್ಷಗಳಿಂದ ಅಂಥದೇ ಒಂದು ಟ್ರೇಲರನ್ನು ಪಿಕಪ್ ಟ್ರಕ್ಕಿನ ಹಿಂದೆ ಕಟ್ಟಿಕೊಂಡು ತಿರುಗುತ್ತಿರುವ ನನಗೆ, ಅಷ್ಟು ದೊಡ್ಡ ಲೇಖನದಲ್ಲಿ ಛಾವಣಿಯ ಮಾತಾಗಲಿ ಟೈರಿನ ಮಾತಾಗಲಿ ಒಂದು ಸಾಲೂ ಬಾರದಿದ್ದುದು ಕಳವಳ ಉಂಟುಮಾಡಿತು. ಇಲ್ಲಿರುವ ಕನ್ನಡಿಗ ಕುಟುಂಬಗಳಲ್ಲಿ ಹಳೆಯ ಟ್ರೇಲರ್ ಕೊಳ್ಳುವವರು ಈಗ ನನ್ನ ಪರಿಚಯದಲ್ಲೇ ಕೆಲವರಿರುವುದರಿಂದ, ನಾನು ದುಡ್ಡು ಕೊಟ್ಟು ಕಲಿತ ನಾಲ್ಕು ಸಂಗತಿಗಳನ್ನು ಬರೆಯಲು ಅವಕಾಶ ಕೋರುತ್ತೇನೆ.

ಟ್ರಾವೆಲ್ ಟ್ರೇಲರ್ ಎಂದರೆ ಎಂಜಿನ್ ಇಲ್ಲದ, ಚಕ್ರದ ಮೇಲಿನ ಪುಟ್ಟ ಮನೆ. ಇಲ್ಲಿ ಇಂಥವುಗಳಲ್ಲಿ ಬಹುಪಾಲು ತಯಾರಾಗುವುದು ಪಕ್ಕದ ಇಂಡಿಯಾನಾ ರಾಜ್ಯದ ಎಲ್ಕ್‌ಹಾರ್ಟ್ ಊರಿನ ಸುತ್ತಮುತ್ತ. ಹೊರಗಿನಿಂದ ಗಟ್ಟಿಮುಟ್ಟಾಗಿ ಕಂಡರೂ ಹೆಚ್ಚಿನವುಗಳ ಒಳಗಿರುವುದು ಸಪೂರ ಮರದ ಪಟ್ಟಿಗಳ ಚೌಕಟ್ಟು, ಅದಕ್ಕೆ ಹೊಡೆದ ತೆಳು ಪ್ಲೈವುಡ್ಡು, ಮೇಲೆ ಹೊದಿಸಿದ ಒಂದು ರಬ್ಬರ್ ಹಾಳೆ. ಗಾಳಿಗಿಂಡಿ, ಏಸಿ, ಕೊಳವೆಯ ಬಾಯಿ, ಆಂಟೆನಾ ಎಂದು ಆ ಹಾಳೆಯಲ್ಲಿ ಹತ್ತಾರು ತೂತುಗಳಿರುತ್ತವೆ, ಪ್ರತಿಯೊಂದು ತೂತಿನ ಸುತ್ತ ನೀರು ಇಳಿಯದಂತೆ ಸೀಲಂಟ್ ಎಂಬ ಅಂಟು ಮೆತ್ತಿರುತ್ತದೆ. ಬೇಸಿಗೆಯ ಬಿಸಿಲಿಗೆ ಹಿಗ್ಗಿ, ಚಳಿಗಾಲದ ಹಿಮಕ್ಕೆ ಕುಗ್ಗಿ, ಹೆದ್ದಾರಿಯ ಕುಲುಕಾಟಕ್ಕೆ ಅಲುಗಾಡಿ ಆ ಸೀಲಂಟ್ ಬಿರುಕು ಬಿಡುತ್ತದೆ. ಕೂದಲೆಳೆಯಷ್ಟು ಬಿರುಕು ಸಾಕು, ನೀರು ತನ್ನ ದಾರಿ ಹುಡುಕಿಕೊಳ್ಳುತ್ತದೆ.

ನಾನು ತೀರ್ಥಹಳ್ಳಿಯ ಕಡೆಯವನು. ನಮ್ಮ ಮನೆಯಲ್ಲಿ ಮುಂಗಾರಿಗೆ ಮುಂಚೆ ಅಪ್ಪ ಮಾಡು ಹತ್ತಿ ಹೆಂಚು ಕೈಯಾಡಿಸದೆ ಇದ್ದ ವರ್ಷ ಒಂದೂ ಇರಲಿಲ್ಲ. ಅಂಥ ಮನೆಯಲ್ಲಿ ಬೆಳೆದ ನಾನೇ ಟ್ರೇಲರ್ ಕೊಂಡ ಮೊದಲ ವರ್ಷ ಛಾವಣಿ ಹತ್ತದೆ ಪರದೆ, ದಿಂಬು, ದೀಪಗಳಿಗೆ ದುಡ್ಡು ಸುರಿದೆ. ಎರಡನೆಯ ವಸಂತದಲ್ಲಿ ಮಂಚದ ಕೆಳಗಿನ ಪೆಟ್ಟಿಗೆಯಿಂದ ಹಳೆಯ ಗೋಣಿಚೀಲದ ವಾಸನೆ ಬಂತು. ಹಾಸಿಗೆ ಎತ್ತಿ ಮೂಲೆಯ ಪ್ಲೈವುಡ್ಡನ್ನು ಹೆಬ್ಬೆರಳಿನಿಂದ ಒತ್ತಿದೆ. ನೆನೆದ ರಸ್ಕಿನಂತೆ ಬೆರಳು ಒಳಗೆ ಇಳಿಯಿತು. ಹೊರಗೆ ಹೋಗಿ ಮೂಲೆಯ ಅಲ್ಯೂಮಿನಿಯಂ ಪಟ್ಟಿಯ ಸ್ಕ್ರೂಗಳನ್ನು ತಿರುಗಿಸಿದರೆ ಕೆಲವು ತುಕ್ಕು ಹಿಡಿದು ಅರ್ಧಕ್ಕೆ ಮುರಿದು ಬಂದವು, ಕೆಲವು ಕಚ್ಚಿಕೊಳ್ಳಲು ಮರವೇ ಇಲ್ಲದೆ ಸುಮ್ಮನೆ ಸುತ್ತಿದವು. ಹಿಂದಿನ ಮಾಲೀಕರು ಸೋರಿದಲ್ಲೆಲ್ಲ ಬಚ್ಚಲುಮನೆಗೆ ಬಳಸುವ ಸಿಲಿಕೋನ್ ಬಳಿದಿದ್ದರು. ಸಿಲಿಕೋನಿನ ದೊಡ್ಡ ದೋಷವೆಂದರೆ ಅದರ ಜಿಡ್ಡು ಉಳಿದ ಜಾಗಕ್ಕೆ ಆಮೇಲೆ ಬೇರೆ ಯಾವ ಸೀಲಂಟೂ ಸರಿಯಾಗಿ ಅಂಟುವುದಿಲ್ಲ. ಪ್ಲಾಸ್ಟಿಕ್ ಉಜ್ಜುಕತ್ತಿಯಿಂದ ಅದನ್ನು ಒಂದೊಂದೇ ಎಳೆಯಾಗಿ ಕೆರೆದು ತೆಗೆಯಲು ನನಗೆ ಎರಡು ವಾರಾಂತ್ಯ ಹಿಡಿಯಿತು, ಕೊಳೆತ ಮೂಲೆಯನ್ನು ಬಿಚ್ಚಿ ಹೊಸ ಮರ ಕೂರಿಸಲು ಒಂದು ಇಡೀ ಬೇಸಿಗೆ.

ಆದ್ದರಿಂದ ವರ್ಷಕ್ಕೆ ಎರಡು ಸಲವಾದರೂ, ಸಾಧ್ಯವಾದರೆ ಮೂರು ತಿಂಗಳಿಗೊಮ್ಮೆ, ಏಣಿ ಹಾಕಿ ಛಾವಣಿಯನ್ನು ಕಣ್ಣಾರೆ ನೋಡಬೇಕು. ಮೇಲೆ ಹತ್ತುವುದಾದರೆ ಒಂದು ಪ್ಲೈವುಡ್ ತುಂಡು ಹಾಸಿ ಅದರ ಮೇಲೆ ಮೊಣಕಾಲೂರುವುದು ಕ್ಷೇಮ. ಸಮತಟ್ಟಾದ ಜಾಗಕ್ಕೆ ತಾನಾಗಿಯೇ ಹರಡಿಕೊಳ್ಳುವ ಸೀಲಂಟ್, ಇಳಿಜಾರಿಗೂ ಗೋಡೆಗೂ ಜಾರದೆ ನಿಲ್ಲುವ ಸೀಲಂಟ್ ಎಂದು ಎರಡು ಬಗೆಗಳಿದ್ದು, ತಮ್ಮ ಛಾವಣಿಯ ಹಾಳೆಗೆ ಯಾವುದು ಒಗ್ಗುತ್ತದೆಂದು ಡಬ್ಬಿಯ ಮೇಲೆ ಓದಿಯೇ ಕೊಳ್ಳಬೇಕು. ಕಿಟಕಿಯ ಮತ್ತು ಮೂಲೆಪಟ್ಟಿಯ ಅಡಿಗೆ ಬ್ಯುಟೈಲ್ ಟೇಪ್ ಎಂಬ ಅಂಟುಪಟ್ಟಿ ಇರುತ್ತದೆ. ಅದು ಒಣಗಿ ಸೆಟೆದಿದ್ದರೆ ಮೇಲುಮೇಲೆ ಸೀಲಂಟ್ ಬಳಿಯುವುದು ವ್ಯರ್ಥ, ಪಟ್ಟಿಯನ್ನೇ ಬಿಚ್ಚಿ ಹೊಸ ಟೇಪ್ ಹಾಕಬೇಕು. ರಬ್ಬರ್ ಛಾವಣಿಯನ್ನು ಸೀಮೆಎಣ್ಣೆ, ಪೆಟ್ರೋಲಿನಂಥವು ಬೆರೆತ ದ್ರಾವಣದಿಂದ ತೊಳೆದರೆ ಹಾಳೆ ಉಬ್ಬಿ ಹಾಳಾಗುತ್ತದೆ. ಸೌಮ್ಯ ಸೋಪಿನ ನೀರು ಸಾಕು. ಹಳೆಯ ಟ್ರೇಲರ್ ಕೊಳ್ಳುವವರು ಒಳಗಿನ ಬಣ್ಣ ಮೆಚ್ಚುವುದಕ್ಕೆ ಮೊದಲು ಕಪಾಟುಗಳ ಒಳಮೂಲೆ, ಮಂಚದ ಅಡಿ, ಕಿಟಕಿಯ ಕೆಳಭಾಗಗಳನ್ನು ಬೆರಳಿಂದ ಒತ್ತಿ ನೋಡಬೇಕು. ಹೊರಗೋಡೆಯ ಫೈಬರ್‌ಗ್ಲಾಸ್ ಹಾಳೆ ಎಲ್ಲಿಯಾದರೂ ಹಪ್ಪಳದಂತೆ ಉಬ್ಬಿದ್ದರೆ ಬೆಲೆ ಎಷ್ಟೇ ಅಗ್ಗವಾಗಿರಲಿ, ಅಲ್ಲಿಂದ ಹೊರಟುಬಿಡುವುದೇ ಲೇಸು.

ನೀರು ಒಳಗಿನಿಂದಲೂ ಬರುತ್ತದೆಂಬುದನ್ನು ನಮ್ಮವರು ಮರೆಯುತ್ತಾರೆ. ನಾಲ್ವರು ಮಲಗಿ, ಬೆಳಿಗ್ಗೆ ಕುಕ್ಕರ್ ಕೂಗಿಸಿ, ಇಡ್ಲಿ ಬೇಯಿಸಿದರೆ ಆ ಹಬೆಯೆಲ್ಲ ತಣ್ಣನೆಯ ಗೋಡೆಗೆ ತಾಗಿ ಹನಿಯಾಗಿ ಇಳಿಯುತ್ತದೆ. ಎಷ್ಟೇ ಚಳಿಯಿದ್ದರೂ ಅಡಿಗೆಯ ಹೊತ್ತಿನಲ್ಲಿ ಗಾಳಿಗಿಂಡಿಯನ್ನು ನಾಲ್ಕು ಬೆರಳಷ್ಟು ತೆರೆದು ಫ್ಯಾನ್ ಹಾಕಬೇಕು, ಹಾಸಿಗೆಯನ್ನು ಆಗಾಗ ಎತ್ತಿ ನಿಲ್ಲಿಸಬೇಕು. ಒಣಮೆಣಸಿನ ಒಗ್ಗರಣೆಗೆ ಹೊಗೆಯ ಅಲಾರಂ ಬೊಬ್ಬೆ ಹೊಡೆಯುತ್ತದೆಂದು ಅದರ ಬ್ಯಾಟರಿ ಕಿತ್ತಿಡುವ ಚಾಳಿ ನಮ್ಮ ಬಳಗದಲ್ಲಿ ಇದೆ. ಅದು ಖಂಡಿತ ಕೂಡದು. ಒಲೆಗೆ ಬಳಸುವ ಪ್ರೋಪೇನ್ ಅನಿಲ ಗಾಳಿಗಿಂತ ಭಾರವಾದ್ದರಿಂದ ಅದರ ಸೋರಿಕೆಯ ಅಲಾರಂ ನೆಲದ ಹತ್ತಿರ ಇರುತ್ತದೆ, ಮತ್ತು ಅದರ ಆಯುಷ್ಯ ಸಾಮಾನ್ಯವಾಗಿ 5ರಿಂದ 7 ವರ್ಷ ಮಾತ್ರ. ಹಸಿರು ದೀಪ ಉರಿಯುತ್ತಿದೆ ಎಂದು ನಂಬದೆ, ಅದನ್ನು ಕಳಚಿ ಬೆನ್ನಿನ ಮೇಲಿನ ತಾರೀಖು ನೋಡಬೇಕು.

ಇನ್ನು ಚಕ್ರದ ವಿಷಯ. ಟ್ರೇಲರಿನ ಟೈರು ಸವೆದು ಸಾಯುವುದಕ್ಕಿಂತ ನಿಂತಲ್ಲೇ ಮುದಿಯಾಗಿ ಸಾಯುವುದೇ ಹೆಚ್ಚು. ಪಕ್ಕೆಯ ಮೇಲೆ DOT ಎಂಬ ಅಕ್ಷರಗಳಿಂದ ಶುರುವಾಗುವ ಸಂಕೇತದ ಕೊನೆಯ ನಾಲ್ಕು ಅಂಕಿಗಳಲ್ಲಿ ಮೊದಲೆರಡು ವಾರವನ್ನೂ ಕೊನೆಯೆರಡು ವರ್ಷವನ್ನೂ ಹೇಳುತ್ತವೆ; 2319 ಎಂದಿದ್ದರೆ ಅದು 2019ರ 23ನೆಯ ವಾರದಲ್ಲಿ ತಯಾರಾದ ಟೈರು. ಐದಾರು ವರ್ಷ ದಾಟಿದ ಟೈರು ಎಷ್ಟೇ ಹೊಸದಾಗಿ ಹೊಳೆಯುತ್ತಿದ್ದರೂ ಬದಲಾಯಿಸುವುದು ಒಳ್ಳೆಯದು. ಚಕ್ರದ ಬೇರಿಂಗುಗಳನ್ನು ವರ್ಷಕ್ಕೊಮ್ಮೆ ಬಿಚ್ಚಿ ತೊಳೆದು ಹೊಸ ಗ್ರೀಸ್ ತುಂಬಬೇಕು. ಚಕ್ರ ಮರಳಿ ಕೂರಿಸಿದ ಮೇಲೆ ಮೊದಲ 10, 25 ಮತ್ತು 50 ಮೈಲಿಗೆ ನಿಂತು, ಬಿಗಿತ ಅಳೆಯುವ ಟಾರ್ಕ್ ರೆಂಚಿನಿಂದ ನಟ್ಟುಗಳನ್ನು ಪರೀಕ್ಷಿಸಬೇಕು. ರಸ್ತೆ ಬದಿಯಲ್ಲಿ ಮಕ್ಕಳು ಗೊಣಗುತ್ತಾರೆ, ಗೊಣಗಲಿ.

ಚಳಿಗಾಲಕ್ಕೆ ಮುಂಚಿನ ಕೆಲಸವನ್ನು ಊರಿನ ಓದುಗರು ಬಿಟ್ಟು ಓದಬಹುದು. ಮಿಷಿಗನ್ನಿನಲ್ಲಿ ಕೊಳವೆಯೊಳಗೆ ಉಳಿದ ನೀರು ಹೆಪ್ಪುಗಟ್ಟಿ ಕೊಳವೆಯನ್ನೂ ಪಂಪನ್ನೂ ಸೀಳಿಬಿಡುತ್ತದೆ. ಟ್ಯಾಂಕ್ ಬರಿದು ಮಾಡಿ, ಗೀಸರ್ ತಣ್ಣಗಾದ ಮೇಲೆ ಅದರ ನೀರು ಬಿಟ್ಟು, ಗೀಸರಿಗೆ ಹೋಗುವ ದಾರಿಯನ್ನು ಕವಾಟದಿಂದ ಮುಚ್ಚಿ, ಟ್ರೇಲರಿಗೆಂದೇ ಸಿಗುವ, ಚಳಿಗೆ ಹೆಪ್ಪುಗಟ್ಟದ ಗುಲಾಬಿ ಬಣ್ಣದ ದ್ರವವನ್ನು ಪ್ರತಿ ನಲ್ಲಿಯಲ್ಲಿ ಗುಲಾಬಿ ಕಾಣುವವರೆಗೆ ಹರಿಸಬೇಕು. ನನ್ನಂಥ ಚಿಕ್ಕ ಟ್ರೇಲರಿಗೆ ಸುಮಾರು 8ರಿಂದ 12 ಲೀಟರ್ ಸಾಕಾಗುತ್ತದೆ. ಕಾರಿನ ರೇಡಿಯೇಟರಿಗೆ ಹಾಕುವ ದ್ರವ ವಿಷ, ಅದನ್ನು ಕುಡಿಯುವ ನೀರಿನ ಕೊಳವೆಗೆ ಎಂದೂ ಬಿಡಬಾರದು. ನಾನು ಒಂದು ವರ್ಷ ಎಲ್ಲವನ್ನೂ ಕ್ರಮವಾಗಿ ಮಾಡಿ, ಹೊರಗೋಡೆಯ ಪುಟ್ಟ ಬಾಗಿಲಿನ ಹಿಂದಿರುವ ಶವರನ್ನು ಮರೆತೆ. ಏಪ್ರಿಲಿನಲ್ಲಿ ನೀರು ಬಿಟ್ಟಾಗ ಅದು ಕಾರಂಜಿಯಾಯಿತು.

ಮಾರ್ಪಾಡಿನ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಅದರಲ್ಲಿ ಸಂತೋಷವಿದೆ ಮತ್ತು ನಾನು ಅದರ ವಿರೋಧಿಯಲ್ಲ. ಆದರೆ ಇಲ್ಲಿ ಯಜಮಾನಿಕೆ ತೂಕದ್ದು. ನನ್ನ 21 ಅಡಿ ಟ್ರೇಲರಿನ ಬಾಗಿಲ ಬಳಿಯ ಹಳದಿ ಚೀಟಿಯ ಪ್ರಕಾರ ಒಳಗೆ ಹೇರಬಹುದಾದ ಸರಕು ಸುಮಾರು 450 ಕಿಲೋ. ಹೆಚ್ಚೆನ್ನಿಸುತ್ತದೆಯಲ್ಲವೇ? 150 ಲೀಟರಿನ ನೀರಿನ ಟ್ಯಾಂಕ್ ತುಂಬಿದರೆ 150 ಕಿಲೋ ಅಲ್ಲಿಗೇ ಮುಗಿಯಿತು. ಉಳಿದುದರಲ್ಲಿ ಪಾತ್ರೆ, ಬಟ್ಟೆ, ಅಕ್ಕಿ, ಸೈಕಲ್ಲು, ಮೇಲಿಂದ ನೀವು ಹಾಕಿಸುವ ಹೊಸ ನೆಲಹಾಸು, ಓಕ್ ಮರದ ಮೇಜು ಎಲ್ಲ ಸೇರಬೇಕು. ತೂಕ ಎಲ್ಲಿ ಕೂತಿದೆ ಎಂಬುದೂ ಅಷ್ಟೇ ಮುಖ್ಯ: ಒಟ್ಟು ತೂಕದಲ್ಲಿ ಶೇ 10ರಿಂದ 15ರಷ್ಟು ಮುಂದಿನ ಕೊಂಡಿಯ ಮೇಲೆ ಕೂರಬೇಕು.

ಇದನ್ನು ನಾನು ಕಲಿತದ್ದು ಮ್ಯಾಕಿನಾ ಸೇತುವೆಗೆ ಹೋಗುವ ಹೆದ್ದಾರಿಯಲ್ಲಿ. ಮಿಷಿಗನ್ನಿನ ಎರಡು ಭೂಭಾಗಗಳನ್ನು ಜೋಡಿಸುವ, 1957ರಲ್ಲಿ ತೆರೆದ, ಸುಮಾರು 8 ಕಿಲೋಮೀಟರ್ ಉದ್ದದ ಆ ಸೇತುವೆಯಲ್ಲಿ ಗಾಳಿ ಜೋರಾದ ದಿನ ಎತ್ತರದ ವಾಹನಗಳನ್ನೂ ಟ್ರೇಲರುಗಳನ್ನೂ ಬೆಂಗಾವಲಿನೊಂದಿಗೆ ನಿಧಾನವಾಗಿ ದಾಟಿಸುತ್ತಾರೆ. ಕಷಾಯದ ಬಣ್ಣದ ನೀರು ಧುಮುಕುವ ತಾಕ್ವಾಮೆನಾನ್ ಜಲಪಾತ ನೋಡಲು ಹೊರಟಿದ್ದ ನಾವು ನಾಲ್ಕು ಸೈಕಲ್ಲುಗಳನ್ನು ಹಿಂಬದಿಯ ಬಂಪರಿಗೆ ಕಟ್ಟಿ, ಹಿಂಭಾಗದ ಕಪಾಟಿಗೆ ಡಬ್ಬಿಗಳನ್ನು ತುಂಬಿ, ಮುಂದಿನ ಕೊಂಡಿಯ ಮೇಲಿನ ಭಾರವನ್ನು ಹಗುರ ಮಾಡಿಬಿಟ್ಟಿದ್ದೆವು. ಸೇತುವೆಗೆ ಇನ್ನೂ ದೂರವಿರುವಾಗಲೇ, ಒಂದು ದೊಡ್ಡ ಲಾರಿ ಪಕ್ಕದಲ್ಲಿ ಹಾದುಹೋದೊಡನೆ ಟ್ರೇಲರ್ ಹಸುವಿನ ಬಾಲದಂತೆ ಎಡಕ್ಕೂ ಬಲಕ್ಕೂ ಬೀಸತೊಡಗಿತು. ಆಗ ಟ್ರಕ್ಕಿನ ಬ್ರೇಕ್ ಒತ್ತಿದರೆ ಕಥೆ ಮುಗಿದಂತೆ; ವೇಗವರ್ಧಕದಿಂದ ಕಾಲು ತೆಗೆದು, ಸ್ಟಿಯರಿಂಗ್ ನೇರವಾಗಿ ಹಿಡಿದು, ಟ್ರಕ್ಕಿನೊಳಗಿನ ನಿಯಂತ್ರಕದಿಂದ ಟ್ರೇಲರಿನ ಬ್ರೇಕನ್ನು ಮಾತ್ರ ಕೈಯಿಂದ ಮೆಲ್ಲಗೆ ಒತ್ತಬೇಕು. ಹಿಂದಿನ ಸೀಟಿನಲ್ಲಿದ್ದ ನನ್ನ ಅತ್ತೆಯವರು ಆವತ್ತಿನಿಂದ ಟ್ರೇಲರಿಗೆ ಹತ್ತುವ ಪ್ರತಿಯೊಂದು ಡಬ್ಬಿಯನ್ನೂ ಎತ್ತಿ ತೂಗಿ ನೋಡುತ್ತಾರೆ. ಹೆದ್ದಾರಿ ಬದಿಯ ಲಾರಿ ತಂಗುದಾಣಗಳಲ್ಲಿ ತೂಕದ ಕಾಟಾ ಇರುತ್ತದೆ. ಪ್ರವಾಸಕ್ಕೆಂದು ಸಾಮಾನೆಲ್ಲ ತುಂಬಿದ ಮೇಲೆ ಒಮ್ಮೆ ಅಲ್ಲಿ ನಿಲ್ಲಿಸಿದರೆ ಸಂಶಯ ಪರಿಹಾರವಾಗುತ್ತದೆ.

ಗೋಡೆಗೆ ಕಪಾಟು ಹಾಕುವವರು ತೆಳು ಪ್ಲೈವುಡ್ಡಿಗೆ ಸ್ಕ್ರೂ ಹೊಡೆದರೆ ಮೊದಲ ಹಳ್ಳದಲ್ಲೇ ಅದು ಕಳಚಿ ಬೀಳುತ್ತದೆ. ಮರದ ಚೌಕಟ್ಟಿನ ಟ್ರೇಲರಾದರೆ ಗೋಡೆಯ ಮೇಲೆ ಅಯಸ್ಕಾಂತ ಆಡಿಸಿ ಪಿನ್ನುಗಳ ಸಾಲನ್ನು ಹುಡುಕಬಹುದು. ಆ ಸಾಲಿನ ಹಿಂದೆ ಪಟ್ಟಿ ಇರುತ್ತದೆ, ಸ್ಕ್ರೂ ಅಲ್ಲಿಗೆ ಹೋಗಬೇಕು. ಜಾಗ ಮಾಡಲೆಂದು ಹಳೆಯ ಕಪಾಟನ್ನೋ ಕೂರುವ ಪೆಟ್ಟಿಗೆಯನ್ನೋ ಕಿತ್ತುಹಾಕುವ ಮುನ್ನ ಅದರ ಕೆಳಗೆ ತಂತಿ, ಕೊಳವೆ, ಚಕ್ರದ ಗೂಡು ಏನಿದೆ, ಅದು ಗೋಡೆಗೆ ಆಸರೆಯಾಗಿ ನಿಂತಿದೆಯೇ ಎಂದು ನೋಡಿಕೊಳ್ಳಬೇಕು. ಲೇಖನದಲ್ಲಿ ಕಂಡ ಅಂಟುವ ಗೋಡೆಕಾಗದ, ಹೀಟರ್ ಹಾಕದೆ ಚಳಿಗಾಲ ಕಳೆಯುವ ಟ್ರೇಲರಿನಲ್ಲಿ ವಸಂತಕ್ಕೆ ಅಂಚು ಬಿಟ್ಟು ಸುರುಳಿಯಾಗುತ್ತದೆ, ನಮ್ಮದು ಹಾಗಾಯಿತು. ಪ್ರೈಮರ್ ಹೊಡೆದು ಬಣ್ಣ ಬಳಿದದ್ದು ಉಳಿದಿದೆ.

ನಾವು ಮಾಡಿಸಿದ್ದರಲ್ಲಿ ಸಾರ್ಥಕವಾದದ್ದು ಲಿಥಿಯಂ ಬ್ಯಾಟರಿ. ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಬರಿದು ಮಾಡಿದರೆ ಅದರ ಆಯುಷ್ಯ ಕುಗ್ಗುತ್ತದೆ. 100 ಆಂಪ್-ಅವರ್ ಲಿಥಿಯಂ ಬ್ಯಾಟರಿ ಅಷ್ಟೇ ಸಾಮರ್ಥ್ಯದ ಸೀಸದ ಬ್ಯಾಟರಿಯ ಅರ್ಧಕ್ಕಿಂತ ಕಡಿಮೆ ತೂಗಿ, ತನ್ನಲ್ಲಿರುವ ಶಕ್ತಿಯನ್ನು ಬಹುಮಟ್ಟಿಗೆ ಪೂರ್ತಿ ಕೊಡುತ್ತದೆ. ಆದರೆ ಸೊನ್ನೆ ಡಿಗ್ರಿಗಿಂತ ಕೆಳಗಿನ ಚಳಿಯಲ್ಲಿ ಅದನ್ನು ಚಾರ್ಜ್ ಮಾಡುವಂತಿಲ್ಲ, ಹಳೆಯ ಚಾರ್ಜರ್ ಅದಕ್ಕೆ ಹೊಂದುವುದೂ ಇಲ್ಲ. ಚಟ್ನಿಗೆ ಮಿಕ್ಸಿ ಬೇಕೆಂಬ ಹಠದಿಂದ ನಾನು 300 ವ್ಯಾಟಿನ ಪುಟ್ಟ ಇನ್ವರ್ಟರಿಗೆ 750 ವ್ಯಾಟಿನ ಮಿಕ್ಸಿ ಸಿಕ್ಕಿಸಿದ್ದುಂಟು. ಅದು ಒಮ್ಮೆ ಗುಂಯ್ ಎಂದು ಸುಮ್ಮನಾಯಿತು, ತೆಂಗಿನಕಾಯಿ ಹಾಗೇ ಉಳಿಯಿತು. 750 ವ್ಯಾಟ್ ಎಂದರೆ 12 ವೋಲ್ಟಿನಲ್ಲಿ 60 ಆಂಪಿಯರಿಗೂ ಹೆಚ್ಚು, ಅದಕ್ಕೆ ದಪ್ಪನೆಯ ತಂತಿ, ತಕ್ಕ ಫ್ಯೂಸು, ದೊಡ್ಡ ಇನ್ವರ್ಟರು ಬೇಕು. ಲೆಕ್ಕ ಹಾಕಿ ನೋಡಿ, ಮನೆಯಿಂದಲೇ ಚಟ್ನಿಪುಡಿ ಕೊಂಡೊಯ್ಯುವ ತೀರ್ಮಾನಕ್ಕೆ ಬಂದೆವು. ಒಗ್ಗರಣೆ ಡಬ್ಬಿಯ ಕೆಳಗೆ ರಬ್ಬರ್ ಜಾಲರಿ ಹಾಸಿ, ಕಪಾಟಿನ ಬಾಗಿಲಿಗೆ ಚಿಲಕ ಹಾಕಿದ್ದು ಒಟ್ಟು ಹತ್ತು ಡಾಲರಿನ ಕೆಲಸ. ಅದಕ್ಕೆ ಮುಂಚೆ ಸಾಸಿವೆಯನ್ನು ನೆಲದಿಂದ ಗುಡಿಸಿದ ಕಷ್ಟ ನಮ್ಮ ಮನೆಯವರಿಗೇ ಗೊತ್ತು.

ಕರ್ನಾಟಕದಲ್ಲಿ ಇಂಥದೊಂದನ್ನು ಇಟ್ಟುಕೊಳ್ಳುವ ಯೋಚನೆ ಇರುವವರಿಗೆ ಹಿಮದ ಕಾಟವಿಲ್ಲ. ಮಲೆನಾಡು, ಕರಾವಳಿಗಳಲ್ಲಾದರೆ ತಿಂಗಳುಗಟ್ಟಲೆ ಮಳೆಯಲ್ಲಿ ನಿಲ್ಲಿಸುವ ಕಷ್ಟವಿದೆ. ಅದನ್ನು ಟಾರ್ಪಾಲಿನಿಂದ ಬಿಗಿಯಾಗಿ ಸುತ್ತಿದರೆ ಗಾಳಿಗೆ ಬಡಿದು ಅಂಚು ಸವೆಯುತ್ತದೆ, ಒಳಗೆ ತೇವ ಕಟ್ಟುತ್ತದೆ. ನಾಲ್ಕು ಕಡೆ ಗಾಳಿಯಾಡುವ ತಗಡಿನ ಚಪ್ಪರ ಎಷ್ಟೋ ವಾಸಿ.

ಮುಂದೆ ಇಂಥ ಲೇಖನ ಪ್ರಕಟಿಸುವಾಗ, ಸಾಲುದೀಪದ ಚಿತ್ರಗಳ ಜೊತೆಗೆ ಏಣಿಯ ಮೇಲಿಂದ ತೆಗೆದ ಛಾವಣಿಯದೊಂದು ಚಿತ್ರವನ್ನೂ, ಮಂಚದ ಹಲಗೆ ಎತ್ತಿ ತೆಗೆದ ಮೂಲೆಯದೊಂದು ಚಿತ್ರವನ್ನೂ ಹಾಕಬೇಕೆಂದು ವಿನಂತಿ. ಬೇಕಿದ್ದರೆ ನನ್ನ ಟ್ರೇಲರಿನ ಕೊಳೆತ ಮೂಲೆಯ ಚಿತ್ರಗಳನ್ನೇ ಕಳುಹಿಸಿಕೊಡುತ್ತೇನೆ.

ತಮ್ಮ ವಿಶ್ವಾಸಿ,
ಮಿಷಿಗನ್‌ನಿಂದ ಒಬ್ಬ ಓದುಗ