ಆರು ಎಲ್ಲಿ ಹೋಯಿತು?

ಮಾನ್ಯ ಸಂಪಾದಕರೇ,

ಕಾಸರಗೋಡಿನ ಕನ್ನಡ ಶಾಲೆಗಳ ಮಕ್ಕಳು ಲಿನಕ್ಸ್ ಗಣಕಗಳನ್ನೂ ಜಿಯೋಜೀಬ್ರಾ ಎಂಬ ಗಣಿತ ತಂತ್ರಾಂಶವನ್ನೂ ಬಳಸಿಯೇ ಬೆಳೆದವರು. ಪದವಿಗೆ ಬಂದು ಅಮೂರ್ತ ಬೀಜಗಣಿತ ಎದುರಾದಾಗ ಮಾತ್ರ ಪ್ರಮೇಯಗಳನ್ನು ಉರು ಹೊಡೆಯುತ್ತಾರೆ. 1986ರಲ್ಲಿ ಜರ್ಮನಿಯಲ್ಲಿ ಆರಂಭವಾದ ‘ಗ್ಯಾಪ್’ ಈ ಬೀಜಗಣಿತದ ಲೆಕ್ಕಗಳನ್ನು ಮಾಡಿ ತೋರಿಸುವ ಮುಕ್ತ ತಂತ್ರಾಂಶ, ಬಿಡಿಗಾಸೂ ಬೇಡ. ಮೊನ್ನೆ ಮೊಮ್ಮಗಳಿಗೆ ಅದರಲ್ಲಿ ನಾಲ್ಕು ವಸ್ತುಗಳ ಸಮ ಕ್ರಮಪಲ್ಲಟಗಳ (ಎರಡೆರಡನ್ನು ಸಮಸಂಖ್ಯೆಯ ಬಾರಿ ಅದಲುಬದಲು ಮಾಡಿ ಪಡೆದ ಜೋಡಣೆಗಳ) ಗ್ರೂಪನ್ನು ತೋರಿಸಿದೆ; ಇದರಲ್ಲಿ ಯಾವ ಎರಡನ್ನು ಒಂದರ ಮೇಲೊಂದು ಮಾಡಿದರೂ ಫಲ ಇದರೊಳಗೇ ಇರುತ್ತದೆ. ಸದಸ್ಯರು 12, ಉಪಗ್ರೂಪುಗಳು (ಅದರೊಳಗೆ ತಾವೂ ಗ್ರೂಪಾಗಿರುವ ಗಣಗಳು, ಇಡೀ ಗ್ರೂಪೂ ಸೇರಿ) 10. ಅವುಗಳ ಗಾತ್ರ 1, 2, 3, 4, 12. ‘ಅಜ್ಜ, ಆರು 12ನ್ನು ಭಾಗಿಸುತ್ತದಲ್ಲ, ಅದೆಲ್ಲಿ ಹೋಯಿತು?’ ಎಂದಳು. ಉಪಗ್ರೂಪಿನ ಗಾತ್ರ ಗ್ರೂಪಿನ ಗಾತ್ರವನ್ನು ಭಾಗಿಸುತ್ತದೆ ಎನ್ನುವ ಲಗ್ರಾಂಜ್ ಪ್ರಮೇಯದ ವಿಲೋಮ (ಭಾಗಿಸುವ ಪ್ರತಿ ಸಂಖ್ಯೆಗೂ ಆ ಗಾತ್ರದ ಉಪಗ್ರೂಪು ಇರುತ್ತದೆ ಎಂಬುದು) ನಿಜವಲ್ಲ ಎಂಬುದನ್ನು ನಾನು ವರ್ಷಗಟ್ಟಲೆ ಬಾಯಿಮಾತಿನಲ್ಲೇ ಹೇಳಿದ್ದೆ. ಈ ಪ್ರಶ್ನೆ ಒಬ್ಬರೂ ಕೇಳಿರಲಿಲ್ಲ! ಪ್ರಮೇಯದ ಸಾಧನೆಯನ್ನು (ಪುರಾವೆಯನ್ನು) ಕರಿಹಲಗೆಯ ಮೇಲೆಯೇ ಬರೆಯಬೇಕು, ಒಪ್ಪುತ್ತೇನೆ. ಆದರೆ ಗಡಿನಾಡಿನ ಕಾಲೇಜುಗಳು ಗಣಕಯಂತ್ರಗಳಲ್ಲಿ ಗ್ಯಾಪನ್ನು ಅಳವಡಿಸಿ, ವಾರಕ್ಕೊಂದು ತಾಸು ಮೀಸಲಿಡಲಿ.

– ನಿವೃತ್ತ ಗಣಿತ ಅಧ್ಯಾಪಕ, ಬದಿಯಡ್ಕ