ವೆಕ್ಟರ್ ಕ್ಯಾಲ್ಕುಲಸ್ ಓದುತ್ತಿರುವ ಮಗಳಿಗೆ

ಪುಟ್ಟಿ,

ನೀನು ಕಳಿಸಿದ ಹಾಳೆಗಳನ್ನೆಲ್ಲ ನೋಡಿದೆ. ಫೋನಿನಲ್ಲಿ ಲೆಕ್ಕ ಹೇಳಿಕೊಡೋದು ಆಗದ ಮಾತು, ಅದಕ್ಕೇ ಬರೆಯುತ್ತಿದ್ದೇನೆ. ಪೆನ್ಸಿಲ್ ಹಿಡಿದುಕೊಂಡೇ ಓದು.

"ಒಂದೂ ತಲೆಗೆ ಹೋಗ್ತಿಲ್ಲ ಅಮ್ಮಾ" ಅಂದೆ. ನಿನ್ನ ಹಾಳೆ ನೋಡಿದರೆ ಹಾಗನ್ನಿಸುವುದಿಲ್ಲ. ಮೂರನೇ ಲೆಕ್ಕ ತೆಗೆ, ಬಲ ಕೊಟ್ಟು ಅದರ ಪೊಟೆನ್ಷಿಯಲ್ ಎನರ್ಜಿ ಕಂಡುಹಿಡಿ ಅಂತ ಕೇಳಿರೋದು. ಬಲದ ಎಕ್ಸ್ ಘಟಕ 2ಎಕ್ಸ್‌ವೈ. ವೈ ಘಟಕ ಎಕ್ಸ್ ವರ್ಗ + 3 ವೈ ವರ್ಗ. ಮೊದಲನೆಯದನ್ನು ವೈಗೆ ಡಿಫರೆನ್ಷಿಯೇಟ್ ಮಾಡಿದರೂ 2ಎಕ್ಸ್, ಎರಡನೆಯದನ್ನು ಎಕ್ಸ್‌ಗೆ ಮಾಡಿದರೂ 2ಎಕ್ಸ್, ಹಾಗಾಗಿ ಕರ್ಲ್, ಅಂದರೆ ಬಲ ಒಂದು ಬಿಂದುವಿನ ಸುತ್ತ ಎಷ್ಟು ತಿರುಗಿಸುತ್ತೆ ಅನ್ನೋ ಅಳತೆ, ಸೊನ್ನೆ ಅಂತ ಸರಿಯಾಗಿಯೇ ತೋರಿಸಿದ್ದೀಯ. ಆಮೇಲೆ ಎಕ್ಸ್ ಘಟಕವನ್ನು ಇಂಟಿಗ್ರೇಟ್ ಮಾಡಿ "ಎಕ್ಸ್ ವರ್ಗ ವೈ + ಸಿ" ಅಂತ ಬರೆದು ಗೆರೆ ಎಳೆದುಬಿಟ್ಟಿದ್ದೀಯ. ಎಡವಿದ್ದು ಅಲ್ಲೊಂದೇ ಕಡೆ. ಪಿಯುಸಿಯಲ್ಲಿ ಸಿ ಅಂದರೆ ಬರೀ ಒಂದು ಸಂಖ್ಯೆ. ಇಲ್ಲಿ ನೀನು ವೈಯನ್ನು ಅಲುಗಾಡದಂತೆ ಹಿಡಿದು ಇಂಟಿಗ್ರೇಟ್ ಮಾಡಿದ್ದೀಯ, ಹಾಗಾಗಿ ಆ ಸಿ ಒಳಗೆ ವೈ ಅಡಗಿ ಕೂತಿರಬಹುದು. ಅದನ್ನು ವೈಯ ಫಂಕ್ಷನ್ ಅಂತ ಬರೆದು, ಇಡೀ ಉತ್ತರವನ್ನು ವೈಗೆ ಡಿಫರೆನ್ಷಿಯೇಟ್ ಮಾಡಿ, ಕೊಟ್ಟಿರುವ ವೈ ಘಟಕದ ಪಕ್ಕ ಇಟ್ಟು ನೋಡು. 3 ವೈ ವರ್ಗ ಉಳಿಯುತ್ತೆ, ಅಂದರೆ ಅಡಗಿದ್ದು ವೈ ಘನ. ಪೊಟೆನ್ಷಿಯಲ್ ಎನರ್ಜಿ ಮೈನಸ್ (ಎಕ್ಸ್ ವರ್ಗ ವೈ + ವೈ ಘನ), ಜೊತೆಗೆ ಈಗ ನಿಜವಾದ ಸ್ಥಿರಾಂಕ.

ಆ ಮೈನಸ್ ಎಲ್ಲಿಂದ ಬಂತು ಅಂತ ನೀನು ಕೇಳಿದ್ದೆ. ಸರ್ವೆ ಆಫ್ ಇಂಡಿಯಾದ ಟೋಪೋ ನಕ್ಷೆಯಲ್ಲಿ ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಕಂದು ಗೆರೆಗಳಿರುತ್ತವಲ್ಲ, ಗ್ರೇಡಿಯಂಟ್ ಅನ್ನೋದು ಆ ಗೆರೆಗಳನ್ನು ಲಂಬವಾಗಿ ಕತ್ತರಿಸಿ ಏರುವ ಕಡೆ ತೋರಿಸುವ ಬಾಣ. ಗೆರೆ ಒತ್ತೊತ್ತಾಗಿದ್ದಷ್ಟೂ ಬಾಣ ಉದ್ದ. ಎತ್ತರದ ಜಾಗದಲ್ಲಿ ಪೊಟೆನ್ಷಿಯಲ್ ಎನರ್ಜಿ ಇಟ್ಟು ನೋಡು, ಬಲ ಮಾತ್ರ ಇಳಿಜಾರಿನ ಕಡೆಗೇ ಎಳೆಯುತ್ತೆ. ಮೈನಸ್ ಅಂದರೆ ಅಷ್ಟೇ. ಜೋಗದಲ್ಲಿ 253 ಮೀಟರ್ ಕೆಳಕ್ಕೆ ಒಂದು ಕಿಲೋ ನೀರು ನೇರವಾಗಿ ಬಿದ್ದರೂ, ಅದನ್ನೇ ಕೊಡದಲ್ಲಿಟ್ಟು ಮೆಟ್ಟಿಲಿಳಿದು ತಳಕ್ಕೆ ತಂದರೂ ಗುರುತ್ವ ಮಾಡುವ ಕೆಲಸ ಒಂದೇ, ಸುಮಾರು 2480 ಜೌಲ್. ದಾರಿ ಯಾವುದಾದರೂ ಲೆಕ್ಕ ಬದಲಾಗದ ಇಂಥ ಬಲಕ್ಕೆ ಮಾತ್ರ ಪೊಟೆನ್ಷಿಯಲ್ ಎನರ್ಜಿ ಅನ್ನೋದು ಇರುತ್ತೆ. ಘರ್ಷಣೆಗೆ ಇಲ್ಲ, ಸುತ್ತು ದಾರಿ ಹಿಡಿದಷ್ಟೂ ಅದು ಹೆಚ್ಚು ಶಕ್ತಿ ತಿನ್ನುತ್ತೆ.

ಇನ್ನು ಟ್ಯೂಷನ್ ವಿಷಯ. ಬೇಕೆನಿಸಿದರೆ ಸೇರು, ದುಡ್ಡಿನ ಯೋಚನೆ ನಿನಗೆ ಬೇಡ. ಆದರೆ ರೂಮ್‌ಮೇಟ್ ಬಿಡಿಸಿದ ಲೆಕ್ಕದ ಫೋಟೊ ನೋಡಿ ನಕಲು ಮಾಡಿಕೊಳ್ಳೋದು ನನಗೆ ಸುತರಾಂ ಇಷ್ಟವಿಲ್ಲ. ನಿಮ್ಮ ಸರ್ ಹತ್ತಿರ ಹೋಗುವಾಗ ಅರ್ಧ ಬಿಡಿಸಿದ ಹಾಳೆ ಹಿಡಿದುಕೊಂಡು ಹೋಗು. "ಅರ್ಥ ಆಗ್ತಿಲ್ಲ ಸರ್" ಅಂದರೆ ಅವರು ಇಡೀ ಪಾಠವನ್ನೇ ಮತ್ತೆ ಹೇಳಬೇಕಾಗುತ್ತೆ. "ಈ ಸಾಲಿನಿಂದ ಮುಂದಿನ ಸಾಲಿಗೆ ಹೇಗೆ ಬಂದೆವು" ಅಂತ ಬೆರಳಿಟ್ಟು ಕೇಳಿದರೆ ಎರಡೇ ನಿಮಿಷದ ಕೆಲಸ. ಕೇಳೋಕೆ ಸಂಕೋಚ ಪಡಬೇಡ ಕಂದಾ, ಹೇಳಿಕೊಡೋರಿಗೆ ಅಂಥ ಪ್ರಶ್ನೆ ಅಂದರೆ ಖುಷಿ.

ನೀನು ಓದುತ್ತಿರುವ ಗ್ರೀನ್ಸ್ ಥಿಯರಮ್‌ನ ಜಾರ್ಜ್ ಗ್ರೀನ್ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನವರು, ಅಪ್ಪನ ಗಾಳಿ ಗಿರಣಿಯಲ್ಲಿ ಹಿಟ್ಟು ಬೀಸುತ್ತಿದ್ದವರು. ಸ್ಕೂಲಿಗೆ ಹೋಗಿದ್ದು ಬಾಲ್ಯದಲ್ಲಿ ಸುಮಾರು ಒಂದು ವರ್ಷ ಅಷ್ಟೇ. 1828ರಲ್ಲಿ ಪೊಟೆನ್ಷಿಯಲ್ ಮೇಲಿನ ತಮ್ಮ ಪ್ರಬಂಧವನ್ನು ಚಂದಾದಾರರಿಂದ ಹಣ ಸೇರಿಸಿ ಅಚ್ಚು ಹಾಕಿಸಿದರು. ಕೇಂಬ್ರಿಜ್‌ಗೆ ವಿದ್ಯಾರ್ಥಿಯಾಗಿ ಸೇರಿದ್ದು ಅದಾದ ಮೇಲೆ, 40ನೇ ವಯಸ್ಸಿನಲ್ಲಿ. ಅವರ ಕೆಲಸ ನೆನೆದಾಗೆಲ್ಲ ನನಗೆ ಮನಸ್ಸು ತುಂಬಿ ಬರುತ್ತೆ.

ಈಗ ನಿನಗೊಂದು ಲೆಕ್ಕ. ಎಕ್ಸ್ ಘಟಕ ಮೈನಸ್ ವೈ, ವೈ ಘಟಕ ಎಕ್ಸ್, ಎರಡನ್ನೂ ಎಕ್ಸ್ ವರ್ಗ + ವೈ ವರ್ಗದಿಂದ ಭಾಗಿಸು. ಕರ್ಲ್ ಸೊನ್ನೆಯೇ ಬರುತ್ತೆ. ಆದರೆ ಮೂಲಬಿಂದುವಿನ ಸುತ್ತ ಒಂದು ವೃತ್ತ ಹಾಕಿ ಲೈನ್ ಇಂಟಿಗ್ರಲ್ ಮಾಡು, ಅಂದರೆ ಆ ದಾರಿಯುದ್ದಕ್ಕೂ ಬಲ ಮಾಡುವ ಕೆಲಸವನ್ನು ಕೂಡಿಸು, ಸೊನ್ನೆ ಬರಲ್ಲ, 2 ಪೈ ಬರುತ್ತೆ. ಯಾಕೆ? ಮೂಲಬಿಂದುವಿನಲ್ಲಿ ಆ ಭಾಜಕ ಏನಾಗುತ್ತೆ ಅಂತ ಮೊದಲು ನೋಡು. ಸಿಕ್ಕಿಕೊಂಡರೆ ಎಲ್ಲಿ ಅಂತ ಗುರುತು ಹಾಕಿ ಫೋಟೊ ಕಳಿಸು, ಭಾನುವಾರ ಮಾತಾಡೋಣ.

ಇಂತಿ,
ನಿನ್ನ ಅಮ್ಮ